ಕಾಲೇಜು ಕ್ರೀಡೆಯ ಪ್ರಸಾರ ಹಕ್ಕು ಮತ್ತು ಸ್ಟ್ರೀಮಿಂಗ್: ಪ್ರಸಾರ ಒಪ್ಪಂದಗಳ ವಕೀಲರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಸಿಯಾಟಲ್ ಸಮೀಪದ ಸದಸ್ಯೆ): ನಮಸ್ಕಾರ ಸರ್. ನಮ್ಮ ಮಗಳು ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ 2023ರಲ್ಲಿ ಸೇರಿದಳು. ಅಂದಿನಿಂದ ನಮ್ಮ ಯಜಮಾನರಿಗೂ ನನಗೂ ಅಲ್ಲಿನ ಹಸ್ಕೀಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ಮೇಲೆ ಬಹಳ ಅಭಿಮಾನ. ಆದರೆ ಒಂದು ಶನಿವಾರದ ಆಟ ಆಂಟೆನಾದಲ್ಲಿ ಬಂದರೆ ಮುಂದಿನ ವಾರದ ಆಟ ಕೇಬಲ್ ವಾಹಿನಿಯಲ್ಲಿ, ಅದರ ಮುಂದಿನದು ಬೇರೆಯೇ ಚಂದಾ ಕಟ್ಟಬೇಕಾದ ಸ್ಟ್ರೀಮಿಂಗ್ ಸೇವೆಯಲ್ಲಿ ಬರುತ್ತದೆ. ಜೊತೆಗೆ, ಹಿಂದೆಲ್ಲ ಪಶ್ಚಿಮ ಕರಾವಳಿಯಲ್ಲೇ ಆಡುತ್ತಿದ್ದ ತಂಡ ಈಗ ನ್ಯೂಜೆರ್ಸಿಯವರೆಗೆ ಹೋಗುತ್ತಿದೆ. ಈ ಎರಡಕ್ಕೂ ಸಂಬಂಧವಿದೆಯೇ?

ಉತ್ತರ: ನಮಸ್ಕಾರ ಮೇಡಂ. ಸಂಬಂಧ ಖಂಡಿತ ಇದೆ, ಮತ್ತು ಅದನ್ನು ತಿಳಿಯಲು ಸ್ಟ್ರೀಮಿಂಗ್‌ಗಿಂತ ಮೊದಲು ಕೇಬಲ್ ಹೇಗೆ ನಡೆಯುತ್ತಿತ್ತು ಎಂಬುದನ್ನು ನೋಡಬೇಕು. ನಮ್ಮ ಊರುಗಳಲ್ಲಿ ಜಾತ್ರೆಗೆ ಮನೆಮನೆಯಿಂದ ವಂತಿಗೆ ಎತ್ತುತ್ತಾರೆ. ತೇರಿನ ದಿನ ಊರಿನಲ್ಲಿ ಇಲ್ಲದವರೂ ಕೊಡುತ್ತಾರೆ. ಅಮೆರಿಕದ ಕೇಬಲ್ ನಡೆದದ್ದು ಹಾಗೆಯೇ. 2011ರ ಹೊತ್ತಿಗೆ ಕ್ರೀಡಾ ವಾಹಿನಿಯಾದ ಇಎಸ್‌ಪಿಎನ್ ಸುಮಾರು 10 ಕೋಟಿ ಮನೆಗಳಲ್ಲಿತ್ತು, ಮತ್ತು ಆಟವನ್ನು ಎಂದೂ ನೋಡದ ಮನೆಯವರೂ ತಮ್ಮ ಕೇಬಲ್ ಬಿಲ್ಲಿನ ಒಳಗೆ ಅದರ ಶುಲ್ಕವನ್ನು ತಿಂಗಳು ತಿಂಗಳೂ ಕಟ್ಟುತ್ತಿದ್ದರು. ಕಾಲೇಜು ಕ್ರೀಡೆಗೆ ಹರಿದುಬಂದ ಹಣದ ಬಹುಪಾಲು ಈ ವಂತಿಗೆಯಿಂದ ಬಂದದ್ದು.

ಇಲ್ಲಿ ಕಾನ್ಫರೆನ್ಸ್ ಎಂದರೆ ತಮ್ಮೊಳಗೆ ಆಡುವ, ಪ್ರಸಾರ ಹಕ್ಕನ್ನು ಒಟ್ಟಾಗಿ ಮಾರುವ ವಿಶ್ವವಿದ್ಯಾಲಯಗಳ ಕೂಟ. 2007ರಲ್ಲಿ ತನ್ನದೇ ವಾಹಿನಿಯನ್ನು ಆರಂಭಿಸಿದ್ದ, ಹಸ್ಕೀಸ್ ಈಗ ಇರುವ ಬಿಗ್ ಟೆನ್ ಕಾನ್ಫರೆನ್ಸ್ 2014ರಲ್ಲಿ ನ್ಯೂಜೆರ್ಸಿಯ ರಟ್ಗರ್ಸ್ ಮತ್ತು ಮೇರಿಲ್ಯಾಂಡ್ ವಿಶ್ವವಿದ್ಯಾಲಯಗಳನ್ನು ಸೇರಿಸಿಕೊಂಡದ್ದಕ್ಕೆ ಆ ತಂಡಗಳ ಆಟದ ಬಲ ಮುಖ್ಯ ಕಾರಣವಾಗಿರಲಿಲ್ಲ. ನ್ಯೂಯಾರ್ಕ್ ಮತ್ತು ವಾಷಿಂಗ್ಟನ್ ಡಿ.ಸಿ. ಸುತ್ತಲಿನ ಕೇಬಲ್ ಮನೆಗಳ ಸಂಖ್ಯೆ ಕಾರಣವಾಗಿತ್ತು. ಈಗ ಜನ ಕೇಬಲ್ ಬಿಡುತ್ತಿದ್ದಾರೆ. ವಂತಿಗೆ ಕೊಡುವ ಮನೆಗಳು ಕಡಿಮೆಯಾದಂತೆ, ಆಟವನ್ನು ನಿಜವಾಗಿ ನೋಡುವವರ ಮೇಲೆ ಖರ್ಚಿನ ಭಾರ ಬೀಳುತ್ತಿದೆ. ತಾವು ಒಂದಾದ ಮೇಲೆ ಒಂದು ಚಂದಾ ಕಟ್ಟುತ್ತಿರುವುದು ಆ ಭಾರದ ಒಂದು ಪಾಲು.

2022ರ ಆಗಸ್ಟ್‌ನಲ್ಲಿ ಬಿಗ್ ಟೆನ್ ತನ್ನ ಹಕ್ಕುಗಳನ್ನು ಫಾಕ್ಸ್, ಸಿಬಿಎಸ್ ಮತ್ತು ಎನ್‌ಬಿಸಿ ಟಿವಿ ಸಂಸ್ಥೆಗಳಿಗೆ ಹಂಚಿ ಮಾರಿತು. ಏಳು ವರ್ಷಗಳ ಈ ಒಪ್ಪಂದದ ಮೊತ್ತ 700 ಕೋಟಿ ಡಾಲರಿಗೂ ಮೀರಿದ್ದೆಂದು ವರದಿಯಾಯಿತು. ಎನ್‌ಬಿಸಿಯ ಪಾಲಿನಲ್ಲಿ ವರ್ಷಕ್ಕೆ ಎಂಟು ಫುಟ್‌ಬಾಲ್ ಆಟಗಳು ಅದರ ಸ್ಟ್ರೀಮಿಂಗ್ ಸೇವೆಯಾದ ಪೀಕಾಕ್‌ನಲ್ಲಿ ಮಾತ್ರ ಬರಬೇಕೆಂದು ನಿಗದಿಯಾಗಿತ್ತು. 2023ರ ಸೆಪ್ಟೆಂಬರ್ 16ರಂದು ಹಸ್ಕೀಸ್ ಮಿಷಿಗನ್ ಸ್ಟೇಟ್ ತಂಡವನ್ನು ಅದರ ಅಂಗಳದಲ್ಲೇ 41–7ರಿಂದ ಸೋಲಿಸಿದ ಆಟ ಟಿವಿಯಲ್ಲಿ ಬರಲಿಲ್ಲ, ಪೀಕಾಕ್‌ನಲ್ಲಿ ಮಾತ್ರ ಬಂತು ಎಂಬುದು ತಮಗೆ ನೆನಪಿರಬಹುದು. ಆ ಆಟದ ಹಕ್ಕು ಆತಿಥೇಯ ತಂಡದ ಕಾನ್ಫರೆನ್ಸಾದ ಬಿಗ್ ಟೆನ್‌ನದಾಗಿತ್ತು. ಪ್ರವಾಸಿ ತಂಡದ ಅಭಿಮಾನಿಗಳು ಅದೇ ಬಾಗಿಲಿನಿಂದ ಒಳಗೆ ಹೋಗಬೇಕಾಯಿತು.

ಪ್ರಶ್ನೆ (ಅದೇ ಸದಸ್ಯೆ): ಹಾಗಾದರೆ ನಮ್ಮ ಹಳೆಯ ಪ್ಯಾಕ್-12 ಕಾನ್ಫರೆನ್ಸ್ ಒಡೆದದ್ದಕ್ಕೂ ಸ್ಟ್ರೀಮಿಂಗ್ ಕಾರಣವೇ?

ಉತ್ತರ: ಸ್ಟ್ರೀಮಿಂಗ್ ಒಂದೇ ಕಾರಣವಲ್ಲ, ಆದರೆ ಕೊನೆಯ ನಿರ್ಧಾರ ಅದರ ಎದುರಿನಲ್ಲೇ ಆಯಿತು. ಈ ಪ್ರಕರಣವನ್ನು ಸ್ವಲ್ಪ ವಿವರವಾಗಿ ಹೇಳಬೇಕೆನಿಸುತ್ತದೆ, ಏಕೆಂದರೆ ಕಾಲೇಜು ಕ್ರೀಡೆಯಲ್ಲಿ ನೂರು ವರ್ಷಕ್ಕೂ ಹಳೆಯದಾದ ಒಂದು ಬಾಂಧವ್ಯ ಕೆಲವೇ ದಿನಗಳಲ್ಲಿ ಕರಗಿದ್ದನ್ನು ನೋಡಿ ನನಗೆ ಇಂದಿಗೂ ನೋವಿದೆ.

ಪ್ಯಾಕ್-12 ತನ್ನ ವಾಹಿನಿಗಳನ್ನು 2012ರಲ್ಲಿ ಆರಂಭಿಸಿದಾಗ ಯಾವ ಮಾಧ್ಯಮ ಸಂಸ್ಥೆಯನ್ನೂ ಪಾಲುದಾರನನ್ನಾಗಿ ಮಾಡಿಕೊಳ್ಳದೆ, ಪೂರ್ಣ ಒಡೆತನವನ್ನು ತನ್ನಲ್ಲೇ ಇಟ್ಟುಕೊಂಡಿತು. ತತ್ತ್ವದ ದೃಷ್ಟಿಯಿಂದ ಅದು ಒಳ್ಳೆಯ ಯೋಚನೆಯಾಗಿತ್ತು. ಆದರೆ ಉಪಗ್ರಹ ಸೇವೆಯಾದ ಡೈರೆಕ್‌ಟಿವಿಯೊಡನೆ ಒಪ್ಪಂದ ಕುದುರಲೇ ಇಲ್ಲ, ಲಕ್ಷಾಂತರ ಮನೆಗಳಿಗೆ ಆ ವಾಹಿನಿಗಳು ತಲುಪಲೇ ಇಲ್ಲ, ಮತ್ತು ಪಾಲುದಾರರಿದ್ದ ಬಿಗ್ ಟೆನ್ ಹಾಗೂ ಆಗ್ನೇಯ ರಾಜ್ಯಗಳ ಕಾನ್ಫರೆನ್ಸಾದ ಎಸ್ಇಸಿ ಆದಾಯದಲ್ಲಿ ಬಹಳ ಮುಂದೆ ಹೋದವು. 2022ರ ಜೂನ್ 30ರಂದು ಲಾಸ್ ಏಂಜಲೀಸ್‌ನ ಎರಡು ವಿಶ್ವವಿದ್ಯಾಲಯಗಳಾದ ಯುಎಸ್‌ಸಿ ಮತ್ತು ಯುಸಿಎಲ್ಎ ತಾವು ಬಿಗ್ ಟೆನ್‌ಗೆ ಹೋಗುವುದಾಗಿ ತಿಳಿಸಿದಾಗ, ಕಾನ್ಫರೆನ್ಸಿನ ಕೈಯಿಂದ ಲಾಸ್ ಏಂಜಲೀಸ್ ನಗರವೇ ಹೊರಟುಹೋಯಿತು. ಹೊಸ ಒಪ್ಪಂದ ಕುದುರದೆ ಒಂದು ವರ್ಷ ಕಳೆಯಿತು. ಅಷ್ಟರಲ್ಲಿ ಇನ್ನೊಂದು ಕಾನ್ಫರೆನ್ಸಾದ ಬಿಗ್ 12 ಮುಂಚಿತವಾಗಿ ಇಎಸ್‌ಪಿಎನ್ ಮತ್ತು ಫಾಕ್ಸ್‌ನೊಡನೆ ಆರು ವರ್ಷಕ್ಕೆ 228 ಕೋಟಿ ಡಾಲರಿನ, ಅಂದರೆ ಶಾಲೆಯೊಂದಕ್ಕೆ (ವಿಶ್ವವಿದ್ಯಾಲಯಗಳನ್ನು ಇಲ್ಲಿ ಹಾಗೆಯೇ ಕರೆಯುತ್ತಾರೆ) ವರ್ಷಕ್ಕೆ ಸರಾಸರಿ 3.17 ಕೋಟಿ ಡಾಲರಿನ ಒಪ್ಪಂದವನ್ನು ಮಾಡಿಕೊಂಡಿತ್ತು.

2023ರ ಆಗಸ್ಟ್ ಮೊದಲ ವಾರದಲ್ಲಿ ಉಳಿದ ವಿಶ್ವವಿದ್ಯಾಲಯಗಳ ಮುಖ್ಯಸ್ಥರ ಮುಂದೆ ಬಂದ ಪ್ರಸ್ತಾವ ಆಪಲ್ ಕಂಪನಿಯದು. ವರದಿಗಳ ಪ್ರಕಾರ ಅದರ ಮೂಲ ಮೊತ್ತ ಶಾಲೆಗೆ ವರ್ಷಕ್ಕೆ ಸುಮಾರು 2.3 ಕೋಟಿ ಡಾಲರ್. ಅದಕ್ಕೆ ಮೇಲ್ಪಟ್ಟ ಹಣ ಎಷ್ಟು ಜನ ಚಂದಾದಾರರಾಗುತ್ತಾರೆ ಎಂಬುದನ್ನು ಅವಲಂಬಿಸಿತ್ತು. ಬಹುತೇಕ ಆಟಗಳು ಒಂದೇ ಸೇವೆಯಲ್ಲಿ ಸಿಗುತ್ತಿದ್ದವು, ಮತ್ತು ತಾವು ಈಗ ಹೇಳುತ್ತಿರುವ ಅಲೆದಾಟ ಅಭಿಮಾನಿಗಳಿಗೆ ಇರುತ್ತಿರಲಿಲ್ಲ. ಆದರೆ ಶಾಲೆಗಳ ದೃಷ್ಟಿಯಿಂದ ನೋಡಿ: ತರಬೇತುದಾರರ ಸಂಬಳ, ಕ್ರೀಡಾಂಗಣದ ಸಾಲ, ಇಪ್ಪತ್ತಕ್ಕೂ ಹೆಚ್ಚು ಕ್ರೀಡೆಗಳ ಖರ್ಚು ಇವೆಲ್ಲ ನಿಗದಿತ, ಆದಾಯ ಮಾತ್ರ ಊಹೆಯ ಮೇಲೆ ನಿಂತದ್ದು. ಆಗಸ್ಟ್ 4ರಂದು ವಾಷಿಂಗ್ಟನ್ ಮತ್ತು ಆರೆಗಾನ್ ಬಿಗ್ ಟೆನ್‌ಗೆ ಹೊರಟವು. ಅವುಗಳಿಗೆ ಅಲ್ಲಿ ಸಿಕ್ಕದ್ದು ಇತರರಂತೆ ಪೂರ್ಣ ಪಾಲಲ್ಲ. ಸುಮಾರು 3 ಕೋಟಿ ಡಾಲರಿನಿಂದ ಆರಂಭವಾಗುವ ಅರ್ಧ ಪಾಲು. ಅದೇ ದಿನ ಅರಿಜೋನಾ, ಅರಿಜೋನಾ ಸ್ಟೇಟ್ ಮತ್ತು ಯೂಟಾ ಬಿಗ್ 12ಕ್ಕೆ ಹೋದವು. ಕೆಲವೇ ವಾರಗಳಲ್ಲಿ, ಪೆಸಿಫಿಕ್ ತೀರದ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಅಟ್ಲಾಂಟಿಕ್ ಹೆಸರಿನ ಎಸಿಸಿ ಕಾನ್ಫರೆನ್ಸಿಗೆ ಸೇರಿದವು.

ಆ ಋತುವಿನಲ್ಲೇ ಹಸ್ಕೀಸ್ ಕಾನ್ಫರೆನ್ಸ್ ಗೆದ್ದು 2024ರ ಜನವರಿಯಲ್ಲಿ ರಾಷ್ಟ್ರೀಯ ಅಂತಿಮ ಪಂದ್ಯವನ್ನು ಆಡಿತು ಎಂಬುದನ್ನು ಮರೆಯಬಾರದು. ಪ್ಯಾಕ್-12ರಲ್ಲಿ ಆಟದ ಗುಣಮಟ್ಟ ಕುಸಿದಿರಲಿಲ್ಲ. ಕುಸಿದದ್ದು ಅದನ್ನು ಮಾರುವ ವ್ಯವಸ್ಥೆ. ಮುಂದಿನ ಸೆಪ್ಟೆಂಬರ್‌ನಲ್ಲಿ ಅದೇ ತಂಡ ಶುಕ್ರವಾರ ರಾತ್ರಿ ರಟ್ಗರ್ಸ್ ಎದುರು ಆಡಲು ದೇಶದ ಇನ್ನೊಂದು ತುದಿಗೆ ಹಾರಿ 21–18ರಿಂದ ಸೋತಿತು.

ಪ್ರಶ್ನೆ (ಟೆಕ್ಸಾಸ್‌ನ ಸದಸ್ಯ): ಸರ್, ಐಪಿಎಲ್‌ನಲ್ಲಿ ಬಿಸಿಸಿಐ ಒಂದೇ ಕಡೆಯಿಂದ ಹಕ್ಕುಗಳನ್ನು ಹರಾಜು ಹಾಕುತ್ತದೆ. ಇಲ್ಲಿ ಕಾಲೇಜು ಕ್ರೀಡೆಯ ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಎಎ ಏಕೆ ಹಾಗೆ ಮಾಡುವುದಿಲ್ಲ?

ಉತ್ತರ: ಒಳ್ಳೆಯ ಹೋಲಿಕೆ. 2022ರ ಜೂನ್‌ನಲ್ಲಿ ಐಪಿಎಲ್‌ನ ಐದು ವರ್ಷಗಳ ಹಕ್ಕುಗಳು 48,390 ಕೋಟಿ ರೂಪಾಯಿಗೆ ಹೋದವು, ಮತ್ತು ಭಾರತದ ಟಿವಿ ಹಕ್ಕು ಒಬ್ಬರಿಗೆ, ಡಿಜಿಟಲ್ ಹಕ್ಕು ಇನ್ನೊಬ್ಬರಿಗೆ ಸೇರಿತು. ಮಾರುವವರು ಒಬ್ಬರೇ ಆದದ್ದರಿಂದ ನೋಡುಗನಿಗೆ ಆಟ ಎಲ್ಲಿದೆ ಎಂಬ ಗೊಂದಲ ಉಳಿಯಲಿಲ್ಲ.

ಅಮೆರಿಕದಲ್ಲಿಯೂ ಒಂದು ಕಾಲದಲ್ಲಿ ಎನ್‌ಸಿಎಎ ಹೀಗೆಯೇ ಮಾಡುತ್ತಿತ್ತು. ಒಂದು ತಂಡ ಎಷ್ಟು ಬಾರಿ ಟಿವಿಯಲ್ಲಿ ಕಾಣಬಹುದು ಎಂಬುದನ್ನೂ ಅದೇ ನಿರ್ಧರಿಸುತ್ತಿತ್ತು. ಓಕ್ಲಹೋಮ ಮತ್ತು ಜಾರ್ಜಿಯ ವಿಶ್ವವಿದ್ಯಾಲಯಗಳು ಇದನ್ನು ಪ್ರಶ್ನಿಸಿದವು, ಮತ್ತು 1984ರಲ್ಲಿ ಸುಪ್ರೀಂ ಕೋರ್ಟ್ 7–2ರ ಬಹುಮತದಿಂದ ಆ ವ್ಯವಸ್ಥೆ ಏಕಸ್ವಾಮ್ಯ ವಿರೋಧಿ ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತಿತು. ವೃತ್ತಿಪರ ಲೀಗ್‌ಗಳಿಗೆ 1961ರ ಕ್ರೀಡಾ ಪ್ರಸಾರ ಕಾಯ್ದೆಯಲ್ಲಿ ಒಟ್ಟಾಗಿ ಮಾರುವ ವಿನಾಯಿತಿ ಇದೆ, ಕಾಲೇಜುಗಳಿಗೆ ಇಲ್ಲ. ಹೀಗಾಗಿ ಫುಟ್‌ಬಾಲ್ ಹಕ್ಕು ಕಾನ್ಫರೆನ್ಸ್‌ಗಳ ಕೈಗೆ ಬಂತು, ಮತ್ತು ಕಾನ್ಫರೆನ್ಸ್ ಬದಲಿಸುವುದೆಂದರೆ ಖರೀದಿದಾರನನ್ನು ಬದಲಿಸುವುದು ಎಂದಾಯಿತು. ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯ ಕೋಡಿ ಕ್ಯಾಂಪ್‌ಬೆಲ್ ಅವರು ಆ ಕಾಯ್ದೆಯನ್ನು ತಿದ್ದಿ ಕಾಲೇಜುಗಳಿಗೂ ಅವಕಾಶ ಕೊಡಬೇಕೆಂದು 2025ರಲ್ಲಿ ದೊಡ್ಡ ಪ್ರಚಾರ ನಡೆಸಿದರು. ಹೆಚ್ಚು ಗಳಿಸುತ್ತಿರುವ ಬಿಗ್ ಟೆನ್ ಮತ್ತು ಎಸ್ಇಸಿ ಒಪ್ಪಲಿಲ್ಲ. ನನ್ನ ಅಭಿಪ್ರಾಯದಲ್ಲಿ ನೋಡುಗನಿಗೂ ಸಣ್ಣ ಶಾಲೆಗಳಿಗೂ ಒಟ್ಟು ಮಾರಾಟವೇ ಹಿತ, ಆದರೆ ಅತಿ ಹೆಚ್ಚು ಬೆಲೆ ಸಿಗುವವರು ಅದನ್ನು ಇತರರೊಡನೆ ಹಂಚಿಕೊಳ್ಳಲು ತಾವಾಗಿ ಮುಂದೆ ಬರುವುದನ್ನು ನಾನು ವೃತ್ತಿಯಲ್ಲಿ ಕಂಡಿಲ್ಲ.

ಪ್ರಶ್ನೆ (ಉತ್ತರ ಕೆರೊಲಿನಾದ ಸದಸ್ಯೆ): ನನ್ನ ಮಗಳು ವಾಲಿಬಾಲ್ ಆಡುತ್ತಾಳೆ. ಇದರಿಂದ ಹೆಣ್ಣುಮಕ್ಕಳ ಆಟಗಳಿಗೆ ಏನಾದರೂ ಒಳಿತಾಗಿದೆಯೇ?

ಉತ್ತರ: ಆಗಿದೆ, ಮೇಡಂ, ಸ್ಟ್ರೀಮಿಂಗ್ ಬಗ್ಗೆ ನಾನು ಮನಃಪೂರ್ವಕವಾಗಿ ಒಳ್ಳೆಯ ಮಾತು ಹೇಳಬಹುದಾದ ಜಾಗ ಇದು. ಕೇಬಲ್ ವಾಹಿನಿಗೆ ದಿನಕ್ಕೆ 24 ಗಂಟೆ ಮಾತ್ರ. ಸ್ಟ್ರೀಮಿಂಗ್‌ಗೆ ಆ ಮಿತಿ ಇಲ್ಲ. 2018ರಲ್ಲಿ ಇಎಸ್‌ಪಿಎನ್ ಪ್ಲಸ್ ಆರಂಭವಾದ ಮೇಲೆ ವಾಲಿಬಾಲ್, ಸಾಕರ್, ಸಾಫ್ಟ್‌ಬಾಲ್, ಕುಸ್ತಿ ಮುಂತಾದ, ಹಿಂದೆ ಯಾವ ಪರದೆಯಲ್ಲೂ ಕಾಣದಿದ್ದ ಸಾವಿರಾರು ಆಟಗಳು ಪ್ರಸಾರವಾಗುತ್ತಿವೆ. ಅನೇಕ ವಿಶ್ವವಿದ್ಯಾಲಯಗಳು ಇದಕ್ಕಾಗಿ ಆವರಣದಲ್ಲೇ ನಿಯಂತ್ರಣ ಕೊಠಡಿಗಳನ್ನು ಕಟ್ಟಿಕೊಂಡಿವೆ, ಮತ್ತು ಕ್ಯಾಮೆರಾ ಹಿಡಿಯುವವರಲ್ಲಿ ಬಹಳಷ್ಟು ಮಂದಿ ವಿದ್ಯಾರ್ಥಿಗಳೇ. ದೂರದ ಊರಿನಲ್ಲಿ ಆಡುವ ಮಗಳ ಆಟವನ್ನು ಮನೆಯಲ್ಲಿ ಕುಳಿತು, ಮೈಸೂರಿನ ಅಜ್ಜಿಗೆ ಫೋನಿನಲ್ಲಿ ವರ್ಣಿಸುತ್ತಾ ನೋಡುವ ಭಾಗ್ಯ ಹಿಂದಿನ ತಾಯಂದಿರಿಗೆ ಇರಲಿಲ್ಲ.

ಆದರೆ ಕಾಣಿಸುವುದು ಬೇರೆ, ಬೆಲೆ ಸಿಗುವುದು ಬೇರೆ. 2024ರ ಜನವರಿಯಲ್ಲಿ ಎನ್‌ಸಿಎಎ 40 ಚಾಂಪಿಯನ್‌ಷಿಪ್‌ಗಳ ಹಕ್ಕನ್ನು ಎಂಟು ವರ್ಷಗಳಿಗೆ 92 ಕೋಟಿ ಡಾಲರಿಗೆ ಇಎಸ್‌ಪಿಎನ್‌ಗೆ ಮಾರಿದಾಗ ಮಹಿಳಾ ಬ್ಯಾಸ್ಕೆಟ್‌ಬಾಲ್‌ನ ಮೌಲ್ಯವನ್ನು ವರ್ಷಕ್ಕೆ 6.5 ಕೋಟಿ ಡಾಲರ್ ಎಂದು ಲೆಕ್ಕ ಹಾಕಲಾಯಿತು. 2021ರಲ್ಲಿ ಎನ್‌ಸಿಎಎ ತಾನೇ ನೇಮಿಸಿದ ಪರಿಶೀಲನೆಯಲ್ಲಿ ಅದರ ಮೌಲ್ಯ 8.1ರಿಂದ 11.2 ಕೋಟಿ ಡಾಲರಿನವರೆಗೆ ಇರಬಹುದೆಂದು ಅಂದಾಜಾಗಿತ್ತು. ಒಪ್ಪಂದವಾದ ಮೂರೇ ತಿಂಗಳಲ್ಲಿ, ಅಯೋವಾ ಮತ್ತು ದಕ್ಷಿಣ ಕೆರೊಲಿನಾ ನಡುವಿನ ಮಹಿಳಾ ಅಂತಿಮ ಪಂದ್ಯವನ್ನು ಸುಮಾರು 1.89 ಕೋಟಿ ಜನ ನೋಡಿದರು. ಪುರುಷರ ಅಂತಿಮ ಪಂದ್ಯವನ್ನು ನೋಡಿದವರು 1.48 ಕೋಟಿ. ಹೆಣ್ಣುಮಕ್ಕಳ ಆಟವನ್ನು ಬೇರೆ ಹರಾಜಿಗೆ ಇಡದೆ ಇತರ ಕ್ರೀಡೆಗಳೊಡನೆ ಗಂಟುಕಟ್ಟಿ ಮಾರಿದ್ದು ತಪ್ಪಾಯಿತೆಂದು ನಾನು ದೃಢವಾಗಿ ನಂಬಿದ್ದೇನೆ.

ಪ್ರಶ್ನೆ (ಅಟ್ಲಾಂಟಾದ ಸದಸ್ಯ): ಈ ಹಣ ಆಡುವ ಮಕ್ಕಳಿಗೆ ಸೇರುತ್ತದೆಯೇ?

ಉತ್ತರ: ಈಗ ಒಂದಿಷ್ಟು ಸೇರುತ್ತದೆ. 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಅವರು ಅಂಗೀಕರಿಸಿದ, ಕ್ರೀಡಾಪಟುಗಳು ಎನ್‌ಸಿಎಎ ವಿರುದ್ಧ ಹೂಡಿದ್ದ ಹೌಸ್ ಪ್ರಕರಣದ ರಾಜಿಯ ಪ್ರಕಾರ, 2025–26ರಲ್ಲಿ ಒಂದು ವಿಶ್ವವಿದ್ಯಾಲಯ ತನ್ನ ಕ್ರೀಡಾಪಟುಗಳಿಗೆ ನೇರವಾಗಿ 2.05 ಕೋಟಿ ಡಾಲರಿನವರೆಗೆ ಕೊಡಬಹುದು. ಅದರಲ್ಲಿ ದೊಡ್ಡ ಪಾಲು ಫುಟ್‌ಬಾಲ್‌ಗೆ ಹೋಗುತ್ತದೆ.

ಪ್ರಶ್ನೆ (ಸಿಯಾಟಲ್ ಸಮೀಪದ ಸದಸ್ಯೆ): ಕೊನೆಯದಾಗಿ, ನಾವು ಈಗ ಏನು ಮಾಡಬೇಕು? ಮುಂದೆ ಎಲ್ಲವೂ ಒಂದೇ ಕಡೆ ಸಿಗಬಹುದೇ?

ಉತ್ತರ: ಮೊದಲು ಒಂದು ಆಂಟೆನಾ ಇಟ್ಟುಕೊಳ್ಳಿ. ಎಬಿಸಿ, ಸಿಬಿಎಸ್, ಎನ್‌ಬಿಸಿ ಮತ್ತು ಫಾಕ್ಸ್ ಇಂದಿಗೂ ಗಾಳಿಯಲ್ಲಿ ಉಚಿತವಾಗಿ ಬರುತ್ತವೆ, ಮತ್ತು ಋತುವಿನ ಅತಿ ದೊಡ್ಡ ಆಟಗಳನ್ನು ಯಾವ ಕಾನ್ಫರೆನ್ಸೂ ಇನ್ನೂ ಪೂರ್ಣವಾಗಿ ಸ್ಟ್ರೀಮಿಂಗ್‌ಗೆ ಬಿಟ್ಟುಕೊಟ್ಟಿಲ್ಲ. ಅನೇಕ ಆಟಗಳ ಸಮಯ ಮತ್ತು ವಾಹಿನಿ 12 ದಿನ, ಕೆಲವೊಮ್ಮೆ 6 ದಿನ ಮೊದಲಷ್ಟೇ ಪ್ರಕಟವಾಗುವುದರಿಂದ, ಇಡೀ ವರ್ಷದ ಚಂದಾವನ್ನು ಮೊದಲೇ ಕಟ್ಟಬೇಡಿ. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಆಯಾ ತಿಂಗಳಿಗೆ ಬೇಕಾದಷ್ಟನ್ನು ಮಾತ್ರ ತೆಗೆದುಕೊಳ್ಳಿ. 2025ರ ಆಗಸ್ಟ್‌ನಿಂದ ಇಎಸ್‌ಪಿಎನ್ ತನ್ನೆಲ್ಲ ವಾಹಿನಿಗಳನ್ನು ಕೇಬಲ್ ಇಲ್ಲದವರಿಗೂ ಕೊಡುತ್ತಿದೆ (ಆರಂಭದಲ್ಲಿ ಬೆಲೆ ತಿಂಗಳಿಗೆ 29.99 ಡಾಲರ್ ಇತ್ತು), ಆದರೆ ಬಿಗ್ ಟೆನ್ ಅದರೊಡನೆ ಒಪ್ಪಂದ ಮಾಡಿಕೊಂಡಿಲ್ಲವಾದ್ದರಿಂದ ಹಸ್ಕೀಸ್‌ನ ಕಾನ್ಫರೆನ್ಸ್ ಆಟಗಳಿಗಾಗಿ ಅದನ್ನು ಕೊಳ್ಳುವ ಅಗತ್ಯ ತಮಗಿಲ್ಲ.

ಮುಂದಿನ ದೊಡ್ಡ ತಿರುವು ಒಪ್ಪಂದಗಳ ಅವಧಿಗಳಲ್ಲಿದೆ. ಬಿಗ್ ಟೆನ್‌ನದು 2030ರಲ್ಲಿ, ಬಿಗ್ 12ರದು 2031ರಲ್ಲಿ, ಇಎಸ್‌ಪಿಎನ್ 780 ಕೋಟಿ ಡಾಲರಿಗೆ ಪಡೆದಿರುವ ಫುಟ್‌ಬಾಲ್ ಪ್ಲೇಆಫ್ ಮತ್ತು ಸಿಬಿಎಸ್–ಟರ್ನರ್ ಕೈಯಲ್ಲಿರುವ ಪುರುಷರ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ 2032ರಲ್ಲಿ ಮುಗಿಯುತ್ತವೆ. ಆ ಎರಡು ಮೂರು ವರ್ಷಗಳಲ್ಲಿ ಇಷ್ಟು ಹಕ್ಕುಗಳು ಒಟ್ಟಿಗೆ ಮಾರುಕಟ್ಟೆಗೆ ಬರುವಾಗ ತಂತ್ರಜ್ಞಾನ ಕಂಪನಿಗಳು ಎಷ್ಟು ಹಣ ಹೂಡುತ್ತವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಅಲ್ಲಿಯವರೆಗೆ ತಮ್ಮ ಶನಿವಾರಗಳು ಹೀಗೆಯೇ ಹಂಚಿಹೋಗಿರುತ್ತವೆ. ಮಗಳ ಪದವಿ ಮುಗಿಯುವುದರೊಳಗೆ ಬದಲಾವಣೆ ನಿರೀಕ್ಷಿಸಬೇಡಿ ಎಂದು ಹೇಳಲು ನನಗೆ ಬೇಸರವಾಗುತ್ತದೆ.