ಉಳಿದ ಪಾವ್, ಟೋಸ್ಟ್, ಕೇಕ್‌ನಿಂದ ಬೆಳಗಿನ ಸಿಹಿ ತಿಂಡಿ: ನಿಮ್ಮ ಮನೆಯಲ್ಲಿ ಏನು ಮಾಡ್ತೀರಿ?

ಕೇಳಿದವರು, ಕಾರವಾರ

ನಿನ್ನೆ ಮಗಳ ಹುಟ್ಟುಹಬ್ಬಕ್ಕೆ ಪಾವ್‌ಭಾಜಿ ಇಟ್ಟುಕೊಂಡಿದ್ದೆವು. ಮಳೆ ಹಿಡಿದು ಅರ್ಧ ಜನ ಬರಲೇ ಇಲ್ಲ. ಭಾಜಿಯನ್ನು ಅಕ್ಕಪಕ್ಕದ ಮನೆಗೆ ಹಂಚಿದೆ. ಪಾವ್ ಎರಡು ಲಾದಿ (ಒಂದಕ್ಕೊಂದು ಅಂಟಿಕೊಂಡ ಪಾವ್‌ಗಳ ಕಟ್ಟು) ಉಳಿದಿದೆ. ಡಬ್ಬದಲ್ಲಿ ಹಳೇ ಟೋಸ್ಟ್, ಖಾರಿ (ಪದರ ಪದರದ ಉಪ್ಪು ಬಿಸ್ಕತ್ತು) ಬೇರೆ ಇದೆ. ಕೇಕ್ ಕೂಡ ಕಾಲು ಭಾಗ ಉಳಿದಿದೆ. ಎಸೆಯಲು ಮನಸ್ಸಿಲ್ಲ. ಮಕ್ಕಳು ಬೆಳಿಗ್ಗೆ ಸಿಹಿ ಇದ್ದರೆ ತಕರಾರಿಲ್ಲದೆ ತಿನ್ನುತ್ತಾರೆ. ಅತ್ತೆ ಮೊಟ್ಟೆ ಮುಟ್ಟುವುದಿಲ್ಲ. ಓವನ್ ಇಲ್ಲ. ಏನು ಮಾಡಬಹುದು?

ಸದಾಶಿವಗಡದಿಂದ

ಮೊದಲು ಪಾವ್ ತಿರುವಿ ತಳ ನೋಡಿ. ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದು ಹೆಚ್ಚಾಗಿ ತಳದಲ್ಲಿ, ಮತ್ತೆ ಎರಡು ಪಾವ್ ಅಂಟಿಕೊಂಡಿರುವ ಜಾಗದಲ್ಲಿ. ಒಂದು ಚುಕ್ಕೆ ಕಂಡರೂ ಆ ಪಾವ್ ಇಡಿಯಾಗಿ ಬಿಸಾಕಿ. ಕೆರೆದು ತೆಗೆದರೆ ಮೇಲಿನದ್ದು ಹೋಗುತ್ತದೆ, ಒಳಗೆ ಇಳಿದ ಎಳೆ ಹೋಗುವುದಿಲ್ಲ.

ಚೆನ್ನಾಗಿದ್ದರೆ ಪುಡ್ಡಿಂಗ್ ಮಾಡಿ. ಇಡ್ಲಿ ಪಾತ್ರೆ ಸಾಕು, ಓವನ್ ಬೇಡ. ಆರು ಪಾವ್ ತುಂಡು ಮಾಡಿ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಒಣಗಿಸಿ. ಈ ಕೆಲಸ ಬಿಡಬೇಡಿ. ಮೆತ್ತಗಿನ ಪಾವ್ ಹಾಲಿಗೆ ಬಿದ್ದರೆ ಅಂಟಿನ ಹಾಗಾಗುತ್ತದೆ. ಒಣಗಿದ್ದು ಹಾಲು ಕುಡಿದೂ ತುಂಡಾಗಿಯೇ ಉಳಿಯುತ್ತದೆ. ಅರ್ಧ ಲೀಟರ್ ಹಾಲು, ಮೂರು ಮೊಟ್ಟೆ, ಐದಾರು ಚಮಚ ಸಕ್ಕರೆ, ಏಲಕ್ಕಿ ಪುಡಿ ಸೇರಿಸಿ ಕದಡಿ ಅದರ ಮೇಲೆ ಸುರಿಯಿರಿ. ಕಾಲು ಗಂಟೆ ಬಿಡಿ. ತುಪ್ಪ ಸವರಿದ ಪಾತ್ರೆಗೆ ಹಾಕಿ, ಮೇಲೆ ತಟ್ಟೆ ಮುಚ್ಚಿ, ಅರ್ಧ ಗಂಟೆ ಹಬೆಯಲ್ಲಿ ಬೇಯಿಸಿ. ತಟ್ಟೆ ಮುಚ್ಚದಿದ್ದರೆ ಮುಚ್ಚಳದ ನೀರೆಲ್ಲಾ ಪುಡ್ಡಿಂಗ್‌ಗೆ ಇಳಿಯುತ್ತದೆ. ಚಾಕು ಚುಚ್ಚಿದರೆ ಹಸಿ ಹಾಲು ಅಂಟಬಾರದು.

ಅತ್ತೆಗೆ ಬೇರೆ ಪಾತ್ರೆಯಲ್ಲಿ ಮಾಡಿ. ಮೊಟ್ಟೆ ಬದಲು ಅರ್ಧ ಲೀಟರ್ ಹಾಲಿಗೆ ಎರಡು ದೊಡ್ಡ ಚಮಚ ಕಸ್ಟರ್ಡ್ ಪುಡಿ. ಪುಡಿಯನ್ನು ತಣ್ಣನೆ ಹಾಲಿನಲ್ಲಿ ಕದಡಿ, ಉಳಿದ ಹಾಲು ಕುದಿಯುವಾಗ ಸೇರಿಸಿ, ಸ್ವಲ್ಪ ದಪ್ಪ ಆದ ಮೇಲೆ ಪಾವ್ ಮೇಲೆ ಹಾಕಿ. ಇದನ್ನು ಮತ್ತೆ ಬೇಯಿಸುವುದು ಬೇಕಾಗಿಲ್ಲ, ಆರಿದರೆ ತಾನೇ ಗಟ್ಟಿಯಾಗುತ್ತದೆ. ಕಸ್ಟರ್ಡ್ ಪುಡಿ ಅಂದರೆ ಹೆಚ್ಚಾಗಿ ಕಾರ್ನ್‌ಫ್ಲೋರ್, ಬಣ್ಣ, ವೆನಿಲಾ ಅಷ್ಟೇ. ಆದರೂ ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ನೋಡಿಕೊಳ್ಳಿ, ಅತ್ತೆ ಕೇಳಿಯೇ ಕೇಳುತ್ತಾರೆ ಅಲ್ವಾ!

ಹೊನ್ನಾವರದಿಂದ

ಎರಡು ಲಾದಿ ಒಂದೇ ದಿನ ಮುಗಿಯುವುದಿಲ್ಲ. ಉಳಿದದ್ದನ್ನು ಸುಮ್ನೆ ಫ್ರಿಜ್‌ನಲ್ಲಿ ಇಡಬೇಡಿ, ಇನ್ನೂ ಬೇಗ ಬಿರುಸಾಗುತ್ತದೆ.

ಕುಮಟಾದಿಂದ

ಫ್ರಿಜ್‌ನಲ್ಲಿ ಇಡದೆ ಹೊರಗಿಟ್ಟರೆ ಈ ಮಳೆಯಲ್ಲಿ ಬೂಷ್ಟು ಬರುವುದಿಲ್ಲವೇ? ನಮ್ಮ ಮನೆಯಲ್ಲಿ ಬ್ರೆಡ್ ಯಾವಾಗಲೂ ಫ್ರಿಜ್‌ನಲ್ಲೇ.

ಹೊನ್ನಾವರದಿಂದ

ಬೂಷ್ಟು ತಡವಾಗುತ್ತದೆ, ನಿಜ. ಆದರೆ ಪಾವ್ ಬಿರುಸಾಗುವುದು ಒಣಗಿಯೇ ಅಂತ ಅಲ್ಲ. ಬೇಯುವಾಗ ಮೆತ್ತಗಾದ ಹಿಟ್ಟಿನ ಪಿಷ್ಟ ಆರುತ್ತಾ ಮತ್ತೆ ಗಟ್ಟಿ ಕಟ್ಟುತ್ತದೆ. ಫ್ರಿಜ್‌ನ ತಂಪಿನಲ್ಲಿ ಆ ಕೆಲಸ ಹೊರಗಿಗಿಂತ ಬೇಗ ನಡೆಯುತ್ತದೆ. ಫ್ರೀಜರ್‌ನಲ್ಲಿ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಅದಕ್ಕೇ ಬಿಡಿಸಿ, ಕವರ್‌ನಲ್ಲಿ ಗಾಳಿ ಇಲ್ಲದಂತೆ ಕಟ್ಟಿ ಫ್ರೀಜರ್‌ಗೆ ಹಾಕಿ. ಬೇಕೆಂದಾಗ ಇಡ್ಲಿ ಪಾತ್ರೆಯ ಹಬೆಯಲ್ಲಿ ನಾಲ್ಕೈದು ನಿಮಿಷ ಇಟ್ಟರೆ ಮೆತ್ತಗಾಗುತ್ತದೆ. ಬಿಸಿ ಇರುವಾಗಲೇ ತಿನ್ನಬೇಕು, ಆರಿದರೆ ಮೊದಲಿಗಿಂತ ಬಿರುಸು. ಪುಡ್ಡಿಂಗ್ ಮಾಡುವುದೇ ಆದರೆ ಫ್ರಿಜ್‌ನಲ್ಲಿಟ್ಟದ್ದೂ ನಡೆಯುತ್ತದೆ ಬಿಡಿ, ಹೇಗೂ ಗಟ್ಟಿ ಪಾವ್ ಬೇಕಲ್ಲ.

ಶಿರಸಿಯಿಂದ

ನಮ್ಮ ಕಡೆ ಪಾವ್ ಕಮ್ಮಿ, ಬ್ರೆಡ್ ಉಳಿಯುವುದು ಜಾಸ್ತಿ. ನಾನು ಪುಡ್ಡಿಂಗ್ ಗೋಜಿಗೆ ಹೋಗುವುದಿಲ್ಲ. ಬೆಲ್ಲದ ಅವಲಕ್ಕಿ ಕಲಸುವ ಹಾಗೆ ಕಲಸುತ್ತೇನೆ. ಬ್ರೆಡ್ ಸಣ್ಣ ಸಣ್ಣ ಚೌಕ ಮಾಡಿ, ಒಂದು ಚಮಚ ತುಪ್ಪದಲ್ಲಿ ಗರಿಗರಿ ಆಗುವವರೆಗೆ ಹುರಿಯಿರಿ. ಒಂದು ಹಿಡಿ ಕಾಯಿತುರಿ, ಹುರಿದ ಎಳ್ಳು, ಏಲಕ್ಕಿ. ತಿನ್ನಲು ಕೂತ ಮೇಲೆ ಜೋನಿ ಬೆಲ್ಲ ಸುರಿದು ಕಲಸಿ. ಮೊದಲೇ ಕಲಸಿಟ್ಟರೆ ಗರಿಗರಿ ಹೋಯ್ತು. ಇದಕ್ಕೆ ಮೊಟ್ಟೆಯೂ ಬೇಡ, ಹಾಲೂ ಬೇಡ. ಅತ್ತೆಗೂ ಆಗುತ್ತದೆ, ಡಬ್ಬಿಗೂ ಹಾಕಬಹುದು (ಬೆಲ್ಲ ಬೇರೆ ಸಣ್ಣ ಡಬ್ಬಿಯಲ್ಲಿ).

ಜೋನಿ ಬೆಲ್ಲ ಸಿಗದಿದ್ದರೆ ಅಚ್ಚು ಬೆಲ್ಲಕ್ಕೆ ಸ್ವಲ್ಪ ನೀರು ಹಾಕಿ ಕರಗಿಸಿ, ಸೋಸಿ, ಜೇನುತುಪ್ಪದಷ್ಟು ದಪ್ಪ ಮಾಡಿ. ಆಲೆಮನೆ ಬೆಲ್ಲದ ರುಚಿ ಅದಕ್ಕೆ ಬರುವುದಿಲ್ಲ, ಆದರೂ ತಿಂಡಿ ಕೆಡುವುದಿಲ್ಲ.

ಇನ್ನೊಂದು ಮಾತು. ಮೇಲಿನ ಪುಡ್ಡಿಂಗ್‌ಗೆ ಸಕ್ಕರೆ ಬದಲು ಬೆಲ್ಲ ಹಾಕುವವರು ಹಾಲು ಕುದಿಯುವಾಗ ಹಾಕಬೇಡಿ. ಬೆಲ್ಲದಲ್ಲಿ ಸ್ವಲ್ಪ ಹುಳಿ ಇರುತ್ತದೆ, ಬಿಸಿ ಹಾಲು ಒಡೆಯುತ್ತದೆ. ಹಾಲು ಉಗುರುಬೆಚ್ಚಗಾದ ಮೇಲೆ ಹಾಕಿ.

ಅಂಕೋಲಾದಿಂದ

ಶಿರಸಿಯವರು ಹೇಳಿದ, ಬೆಲ್ಲದಿಂದ ಹಾಲು ಒಡೆಯುವ ತಾಪತ್ರಯಕ್ಕೆ ಸುಲಭ ದಾರಿ ತೆಂಗಿನ ಹಾಲು. ಬೆಲ್ಲಕ್ಕೂ ಅದಕ್ಕೂ ಒಗ್ಗುತ್ತದೆ, ಪಾಯಸಕ್ಕೆ ಹಾಕುವುದೇ ಹಾಗಲ್ಲವೇ? ಒಂದು ಕಾಯಿ ತುರಿದು ರುಬ್ಬಿ ದಪ್ಪ ಹಾಲು ಬೇರೆ, ಎರಡನೇ ಹಾಲು ಬೇರೆ ತೆಗೆಯಿರಿ. ಎರಡನೇ ಹಾಲಿನಲ್ಲಿ ಬೆಲ್ಲ ಕುದಿಸಿ, ಒಲೆ ಆರಿಸಿ ದಪ್ಪ ಹಾಲು ಸೇರಿಸಿ. ದಪ್ಪ ಹಾಲು ಕುದಿಸಿದರೆ ಎಣ್ಣೆ ಬಿಡುತ್ತದೆ. ಕಾವಲಿಯಲ್ಲಿ ತುಪ್ಪ ಹಾಕಿ ಕೆಂಪಗೆ ಮಾಡಿದ ಪಾವ್ ಹೋಳನ್ನು ಇದರಲ್ಲಿ ಅದ್ದಿ ತಟ್ಟೆಗೆ ಹಾಕಿ. ಮೇಲೆ ಬಾಳೆಹಣ್ಣಿನ ಚೂರು. ಮೇ ತಿಂಗಳಾಗಿದ್ದರೆ ಕರಿ ಇಶಾಡು ಮಾವಿನ ಹಣ್ಣು ಹಾಕಿ ಅನ್ನುತ್ತಿದ್ದೆ, ಮಳೆ ಬಿದ್ದ ಮೇಲೆ ಅದರ ಮಾತು ಬೇಡ.

ತೆಂಗಿನ ಹಾಲು ರಾತ್ರಿ ತೆಗೆದು ಹೊರಗಿಡಬೇಡಿ, ಬೆಳಿಗ್ಗೆ ಹುಳಿ ವಾಸನೆ ಬರುತ್ತದೆ. ಕಾಯಿ ತುರಿದು ಫ್ರಿಜ್‌ನಲ್ಲಿಟ್ಟುಕೊಂಡರೆ ಬೆಳಿಗ್ಗೆ ಹತ್ತು ನಿಮಿಷದ ಕೆಲಸ.

ಕೇಳಿದವರು, ಕಾರವಾರ

ಎಲ್ಲರಿಗೂ ಧನ್ಯವಾದ. ನಾಳೆಗೆ ತೆಂಗಿನ ಹಾಲಿನದ್ದೇ ಆಗಲಿ, ಮನೆಯಲ್ಲಿ ಎಲ್ಲರಿಗೂ ಒಂದೇ ಪಾತ್ರೆ. ಖಾರಿ, ಟೋಸ್ಟ್ ಏನು ಮಾಡಲಿ? ಕೇಕ್‌ಗೆ ಕ್ರೀಮ್ ಇದೆ.

ಕುಮಟಾದಿಂದ

ಟೋಸ್ಟ್ ಸುಲಭ ಅಕ್ಕ. ಪುಡಿ ಮಾಡಿ, ಬಿಸಿ ಹಾಲು, ಸಕ್ಕರೆ, ಕಿವುಚಿದ ಬಾಳೆಹಣ್ಣು ಹಾಕಿ ತಿರುವಿದರೆ ಐದು ನಿಮಿಷದಲ್ಲಿ ಗಂಜಿಯಂಥ ತಿಂಡಿ. ಹಲ್ಲಿಲ್ಲದವರಿಗೂ ಆಗುತ್ತದೆ. ಹಾಲು ಒಮ್ಮೆಗೇ ಹಾಕಬೇಡಿ, ಟೋಸ್ಟ್ ಹಾಲು ಹೀರಿಕೊಂಡ ಮೇಲೆ ಮತ್ತೆ ಹಾಕಿ. ಡಬ್ಬದಲ್ಲಿ ಮೆತ್ತಗಾಗಿದ್ದರೂ ಇದಕ್ಕೆ ತೊಂದರೆ ಇಲ್ಲ.

ಖಾರಿಗೆ ಜೀರಿಗೆ, ಉಪ್ಪು ಇರುತ್ತದೆ, ತುಪ್ಪವೋ ಡಾಲ್ಡಾವೋ ಅದೂ ಜಾಸ್ತಿ. ಸಿಹಿಗೆ ಎಳೆಯಬೇಡಿ. ಕಾವಲಿಯಲ್ಲಿ ಬೆಚ್ಚಗೆ ಮಾಡಿ ಚಹಾಕ್ಕೆ ಕೊಡಿ. ಹಳೇ ಎಣ್ಣೆ ವಾಸನೆ ಬಂದಿದ್ದರೆ ಅದೂ ಬೇಡ.

ಸದಾಶಿವಗಡದಿಂದ

ಕೇಕ್ ರಾತ್ರಿ ಇಡೀ ಎಲ್ಲಿತ್ತು? ಅದು ಮುಖ್ಯ. ಹಾಲಿನ ಕ್ರೀಮ್ ಆಗಿದ್ದು ಹೊರಗೇ ಇದ್ದರೆ ಆಸೆ ಬಿಡಿ, ಮಕ್ಕಳ ಹೊಟ್ಟೆ ಕೆಡುತ್ತದೆ. ಫ್ರಿಜ್‌ನಲ್ಲಿದ್ದರೆ ಕ್ರೀಮ್ ಕೆರೆದು ತೆಗೆದು, ಒಳಗಿನ ಕೇಕ್ ಮಾತ್ರ ಉದ್ದುದ್ದ ತುಂಡು ಮಾಡಿ ಕಾವಲಿಯಲ್ಲಿ ಸಣ್ಣ ಉರಿಯಲ್ಲಿ ಎರಡೂ ಕಡೆ ಒಣಗಿಸಿ. ಸಕ್ಕರೆ ಇರುವುದರಿಂದ ಬೇಗ ಕರಕಾಗುತ್ತದೆ, ಒಲೆ ಬಿಟ್ಟು ಹೋಗಬೇಡಿ. ಆರಿದ ಮೇಲೆ ಗರಿಗರಿ ಆಗುತ್ತದೆ, ಹಾಲಿಗೆ ಅದ್ದಿ ತಿನ್ನಲಿ. ಅತ್ತೆಗೆ ಕೊಡುವ ಮೊದಲು ಕೇಕ್‌ನಲ್ಲಿ ಮೊಟ್ಟೆ ಇದೆಯೋ ಇಲ್ಲವೋ ಬೇಕರಿಯಲ್ಲಿ ಕೇಳಿಬಿಡಿ.