'ಅಪರಿಚಿತ ಶವ' ಅನ್ನುವುದು ಸರಿಯಾ? ಗುರ್ತ ಸಿಗದವರಿಗೆ ಬೇರೆ ಪದ ಉಂಟಾ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಸಿಗದೆ ನಾಲ್ಕು ದಿನದಿಂದ ಕೂತಿದ್ದೇನೆ. ಇಲ್ಲಿ ಉಡುಪಿಯಲ್ಲಿ ನಾವು ಕೆಲವರು ಸೇರಿ ತರುವ ಸಣ್ಣ ಪತ್ರಿಕೆಗೆ ಹಳೆಯ ಕೊಲೆ ಕೇಸೊಂದರ ಬಗ್ಗೆ ಬರೆಯುತ್ತಿದ್ದೇನೆ. 1957ರ ಫೆಬ್ರವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ, ರಟ್ಟಿನ ಪೆಟ್ಟಿಗೆಯೊಳಗೆ ಒಬ್ಬ ಪುಟ್ಟ ಹುಡುಗನ ಹೆಣ ಸಿಕ್ಕಿತ್ತು. ಮೈಮೇಲೆಲ್ಲ ಹೊಡೆತದ ಗುರುತು. ಯಾರ ಮಗು ಅಂತ ಹೇಳಲು ಒಬ್ಬರೂ ಬರಲಿಲ್ಲ. ಕೊನೆಗೆ ಡಿಎನ್‌ಎ ಹಿಡಿದು, ದೂರದ ನೆಂಟರನ್ನು ಹುಡುಕಿ, ಅಲ್ಲಿಂದ ವಂಶಾವಳಿ ಕಟ್ಟುತ್ತಾ ಬಂದು 2022ರ ಡಿಸೆಂಬರಿನಲ್ಲಿ ಪೊಲೀಸರು ಹೆಸರು ಹೇಳಿದರು: ಜೋಸೆಫ್ ಆಗಸ್ಟಸ್ ಝರೆಲ್ಲಿ. ಹೆಸರು ಸಿಗಲು 65 ವರ್ಷ ಬೇಕಾಯಿತು. ಕೊಂದದ್ದು ಯಾರು ಅನ್ನುವುದು ಆಗಲೂ ಇತ್ಯರ್ಥ ಆಗಿರಲಿಲ್ಲ.

ಅವನ ಸಮಾಧಿಯ ಕಲ್ಲಿನ ಮೇಲೆ ಅಲ್ಲಿಯವರೆಗೆ 'ಅಮೆರಿಕಾಸ್ ಅನ್‌ನೋನ್ ಚೈಲ್ಡ್' ಅಂತ ಬರೆದಿತ್ತು. ಇದನ್ನು ಕನ್ನಡಕ್ಕೆ ತರುವಲ್ಲೇ ನಾನು ಸಿಕ್ಕಿಹಾಕಿಕೊಂಡಿರುವುದು.

'ಅಪರಿಚಿತ ಮಗು' ಅಂದರೆ ನನಗೆ ಸಮಾಧಾನ ಇಲ್ಲ. ಪೇಪರಿನಲ್ಲಿ 'ಅಪರಿಚಿತ ಶವ ಪತ್ತೆ' ಅಂತ ದಿನಾ ಓದುತ್ತೇವೆ, ಹೌದು. ಆದರೆ ಕೊಂದವನೂ ನಮ್ಮ ಪೇಪರಿನಲ್ಲಿ 'ಅಪರಿಚಿತ'ನೇ ಅಲ್ವಾ? ಬಸ್ಸಿನಲ್ಲಿ ಪಕ್ಕ ಕೂತವನೂ ಅಪರಿಚಿತನೇ. ಸತ್ತವನಿಗೂ ಕೊಂದವನಿಗೂ ಒಂದೇ ಪದ ಹಾಕಲು ಮನಸ್ಸು ಬರುವುದಿಲ್ಲ. 'ಅನಾಮಧೇಯ' ಅಂದರೆ ಬೇಕಂತಲೇ ಹೆಸರು ಮುಚ್ಚಿಟ್ಟ ಹಾಗೆ, ಅನಾಮಧೇಯ ಪತ್ರ ಅನ್ನುತ್ತೇವಲ್ಲ. ಮಗುವಿಗೆ ಹೆಸರಿತ್ತು, ನಮಗೆ ಗೊತ್ತಿರಲಿಲ್ಲ ಅಷ್ಟೆ.

ಇನ್ನು 'ವಾರಸುದಾರರಿಲ್ಲದ ಶವ'. ಇದು ಸ್ಟೇಷನ್, ಆಸ್ಪತ್ರೆಗಳಲ್ಲಿ ಬಳಸುವ ಮಾತು. ವಾರಸು ಅರಬಿ ಕಡೆಯಿಂದ ಬಂದದ್ದು, ಆಸ್ತಿಗೆ ಹಕ್ಕುದಾರರು ಅನ್ನುವ ಅರ್ಥ ಅದರಲ್ಲಿ ಗಟ್ಟಿಯಾಗಿ ಕೂತಿದೆ. ಅದಕ್ಕೇ 'ಬೇ' ಸೇರಿ ಬೇವಾರ್ಸಿ ಆಯಿತು. ನಮ್ಮ ಕಡೆ ಕನ್ನಡದಲ್ಲೂ ತುಳುವಿನಲ್ಲೂ ಅದು ಕೆಟ್ಟ ಬೈಗುಳ. ತನ್ನವರು ಯಾರೂ ಬರಲಿಲ್ಲ ಅನ್ನುವ ಸಂಕಟವೇ ಬೈಗುಳ ಆಗಿಬಿಟ್ಟಿದೆ ಅಂತ ನೆನೆದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಹಾಗಾಗಿ ಅದರ ಹತ್ತಿರದ ಪದವೂ ನನಗೆ ಬೇಡ.

ಮೊನ್ನೆ ಅಮ್ಮ ಪೇಪರು ಓದುತ್ತಿದ್ದರು. ಒಳಪುಟದ ಮೂಲೆಯಲ್ಲಿ ಅಂಚೆಚೀಟಿಯಷ್ಟು ಫೋಟೋ, ಕಣ್ಣು ಮುಚ್ಚಿದ ಮುಖ. ಕೆಳಗೆ 'ಕೋಲುಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು, ಬಲಗೈಗೆ ಕಪ್ಪು ದಾರ'. ಅಮ್ಮ ಕನ್ನಡಕ ಸರಿಮಾಡಿಕೊಂಡು ಎರಡು ಸಲ ನೋಡಿದರು. "ಪಾಪ, ಯಾರ ಮನೆಯ ಮಗನೋ. ಇವನ ಗುರ್ತ ಇದ್ದವರು ಯಾರೂ ಇಲ್ವಾ?" ಅಂದರು.

ಆಗ ಹೊಳೆಯಿತು. ಗುರ್ತ! ಘಟ್ಟದ ಮೇಲಿನವರಿಗೆ ಗುರುತು ಅಂದರೆ ಜಾಸ್ತಿ ಚಿಹ್ನೆ, ಕಲೆ, ಗಾಯದ ಗುರುತು. ಮಂಗಳೂರು, ಉಡುಪಿ ಕಡೆ "ನಿಮಗೆ ಅವರ ಗುರ್ತ ಉಂಟಾ?" ಅಂದರೆ ಪರಿಚಯ ಇದೆಯಾ ಅಂತ. ತುಂಬಾ ವರ್ಷದ ನಂತರ ಸಿಕ್ಕವರು "ನನ್ನ ಗುರ್ತ ಸಿಕ್ಕಿತಾ?" ಅಂತ ಕೇಳುತ್ತಾರೆ. ಅಂದರೆ ಮೈಮೇಲಿನ ಮಚ್ಚೆಯೂ ಗುರುತೇ, ಅದನ್ನು ನೋಡಿ ಇವನು ನಮ್ಮವನು ಅನ್ನುವುದೂ ಗುರ್ತವೇ. ಹೆಣದ ಹೆಸರು ಪತ್ತೆಹಚ್ಚುವ ಕೆಲಸದಲ್ಲಿ ಈ ಎರಡೂ ಬೇಕಲ್ಲ? ಹಲ್ಲು, ಮೂಳೆ, ಡಿಎನ್‌ಎ ಎಷ್ಟೇ ಇದ್ದರೂ ಹೋಲಿಸಿ ನೋಡಲು ಆ ಕಡೆ ಒಬ್ಬ ಸಂಬಂಧಿ ಸಿಗಬೇಕು. ತಾಯಿಯಿಂದ ಮಕ್ಕಳಿಗೆ ಬರುವ ಒಂದು ಬಗೆಯ ಡಿಎನ್‌ಎ ಇದೆ, ಮೈಟೊಕಾಂಡ್ರಿಯದ್ದು. ನಮ್ಮ ಅಳಿಯಕಟ್ಟಿನ ಮನೆಗಳಲ್ಲಿ, ಅಂದರೆ ಹೆಣ್ಣಿನ ಕಡೆಯಿಂದ ವಂಶ ಎಣಿಸುವ ಮನೆಗಳಲ್ಲಿ, ತಾಯಿಯ 'ಬಳಿ' (ಕುಲದ ಹೆಸರು) ಮಕ್ಕಳಿಗೆ ಬರುತ್ತದಲ್ಲ, ಹೆಚ್ಚುಕಡಿಮೆ ಹಾಗೆಯೇ. ಇದನ್ನು 'ತಾಯಿಬಳಿ ಡಿಎನ್‌ಎ' ಅಂತ ಬರೆದರೆ ಇಲ್ಲಿಯವರಿಗೆ ಥಟ್ಟನೆ ಅರ್ಥವಾಗುತ್ತದೆ, ಬೇರೆ ಕಡೆಯವರಿಗೆ ಆದೀತಾ ಗೊತ್ತಿಲ್ಲ.

'ಗುರುತಿಸು' ಕ್ರಿಯಾಪದದ್ದು ಇನ್ನೊಂದು ತೊಡಕು. "ಅವರ ಸೇವೆಯನ್ನು ಗುರುತಿಸಿ ಸನ್ಮಾನ" ಅಂತ ಬಳಸಿ ಬಳಸಿ ಅದು ಸಭೆಯ ಪದ ಆಗಿಬಿಟ್ಟಿದೆ. 'ಗುರುತು ಹಚ್ಚು' ವಾಸಿ ಅನಿಸುತ್ತದೆ.

ಹಾಗೆಯೇ 'ಕೋಲ್ಡ್ ಕೇಸ್'. 'ತಣ್ಣಗಾದ ಪ್ರಕರಣ' ಅಂತ ಬರೆದು ಹೊಡೆದುಹಾಕಿದೆ. ಪತ್ತೆಯಾಗದ ಕೇಸಿಗೆ ನಮ್ಮ ಪೊಲೀಸರು 'ಸಿ ರಿಪೋರ್ಟ್' ಹಾಕುತ್ತಾರೆ, ಆದರೆ ಅದು ಆ ವರದಿಯ ಹೆಸರು. ಸದ್ಯಕ್ಕೆ 'ಪತ್ತೆಯಾಗದ ಹಳೆ ಕೇಸು' ಅಂತಲೇ ಇಟ್ಟಿದ್ದೇನೆ.

ಕಲ್ಲಿನ ಮೇಲಿನ ಸಾಲಿಗೆ ನನ್ನ ಕೈಯಲ್ಲಿ ಎರಡು ಉಂಟು. 'ಗುರ್ತ ಸಿಗದ ಅಮೆರಿಕದ ಮಗು' ಒಂದು. ಅಮ್ಮನ ಮಾತು ಹಿಡಿದು 'ಯಾರ ಮನೆಯ ಮಗುವೋ, ಅಮೆರಿಕದ ಮಗು' ಇನ್ನೊಂದು. ಮನಸ್ಸು ಎರಡನೆಯದರ ಕಡೆಗೇ ಇದೆ, ಆದರೆ ಕಲ್ಲಿನ ಮೇಲೆ ಕೆತ್ತಲು ಅದು ಉದ್ದ ಆಯಿತಾ? ಧಾರವಾಡ, ಮೈಸೂರು, ಕಲಬುರಗಿ ಕಡೆಯವರು ದಯವಿಟ್ಟು ಹೇಳಿ, 'ಗುರ್ತ ಸಿಗದ' ಅಂದರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಇಂಥವರಿಗೆ ನಿಮ್ಮ ಊರಿನಲ್ಲಿ ಏನನ್ನುತ್ತಾರೆ? ಸ್ಟೇಷನ್ನಿನಲ್ಲಿ ಮಹಜರು ಬರೆದು ಗೊತ್ತಿರುವವರು ಯಾರಾದರೂ ಇಲ್ಲಿದ್ದರೆ ಅವರ ಮಾತು ಮೊದಲು ಬೇಕು.