ಡಿಸ್ನಿಲ್ಯಾಂಡ್‌ನಲ್ಲಿ ಎಲ್ಲರೂ ಹೇಳುವ ಆ ಮಾಯೆ ಎಲ್ಲಿರುತ್ತದೆ? (ಅಪ್ಪ ಅಮ್ಮನ ಜೊತೆ ಹೊರಟಿದ್ದೇವೆ)

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಾವಿರುವುದು ಸ್ಯಾನ್ ಹೋಸೆಯಲ್ಲಿ. ಮುಂದಿನ ತಿಂಗಳು ಶಿವಮೊಗ್ಗದಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಮಗಳಿಗೆ ಆರು ವರ್ಷ. ಅಜ್ಜ ಅಜ್ಜಿ ಜೊತೆ ಅನಾಹೈಮ್‌ನ ಡಿಸ್ನಿಲ್ಯಾಂಡ್ ನೋಡಬೇಕು ಅಂತ ಈಗಿನಿಂದಲೇ ಕ್ಯಾಲೆಂಡರ್‌ನಲ್ಲಿ ದಿನ ಹೊಡೆದು ಹಾಕುತ್ತಿದ್ದಾಳೆ.

ನನಗೆ ಟಿಕೆಟ್, ಹೋಟೆಲ್ ಬಗ್ಗೆ ಏನೂ ಕೇಳಬೇಕಿಲ್ಲ. ಬೇರೆ ವಿಷಯ ಕಾಡುತ್ತಿದೆ. ಎರಡು ವರ್ಷದ ಹಿಂದೆ ಬೇರೊಂದು ಊರಿನ ದೊಡ್ಡ ಪಾರ್ಕ್‌ಗೆ ಹೋಗಿದ್ದೆವು. ಯಾವ ರೈಡ್ ಎಷ್ಟು ಗಂಟೆಗೆ ಅಂತ ನಾನು ಮೊದಲೇ ಪಟ್ಟಿ ಮಾಡಿಕೊಂಡಿದ್ದೆ. ಪಟ್ಟಿಯಲ್ಲಿದ್ದ ಹನ್ನೊಂದೂ ಮುಗಿಸಿದೆವು. ಸಂಜೆ ಹೊತ್ತಿಗೆ ಮಗಳು ಸ್ಟ್ರಾಲರ್‌ನಲ್ಲಿ ಅತ್ತು ಅತ್ತು ನಿದ್ದೆ ಹೋದಳು. ಪಟಾಕಿ ಶುರುವಾದಾಗ ಅವಳಿಗೆ ಎಚ್ಚರವೇ ಇಲ್ಲ. ನಾನು, ನನ್ನ ಗಂಡ ಮಾತಾಡದೆ ಕಾರಿನ ಕಡೆ ನಡೆದೆವು. ಫೋಟೋಗಳು ಚೆನ್ನಾಗಿ ಬಂದಿವೆ. ಆದರೆ ಅವನ್ನು ನೋಡಿದಾಗ ನನಗೆ ಕಾಲು ನೋವು ಮಾತ್ರ ನೆನಪಾಗುತ್ತದೆ.

ಅಮ್ಮನಿಗೆ ಮಂಡಿ ನೋವು. ಅಪ್ಪನಿಗೆ ‘ದುಡ್ಡು ದಂಡ’ ಅನ್ನೋ ಭಾವನೆ ಬಂದರೆ ಅಲ್ಲಿಗೆ ಮುಗಿಯಿತು. ಹೋಗಿ ಬಂದವರು ಕಣ್ಣರಳಿಸಿಕೊಂಡು ‘ಅಲ್ಲಿ ಏನೋ ಇದೆ’ ಅಂತಾರಲ್ವಾ, ಆ ‘ಏನೋ’ ನಿಜವಾಗಿ ಏನು? ನಮ್ಮ ಕೈಯಲ್ಲಿ ಇರುವಂಥದ್ದಾ, ಅವರ ಕೈಯಲ್ಲಾ?

ಬಿಡದಿ ಬಸ್ಸು:

ನಾನು ಅಮೆರಿಕ ನೋಡಿಲ್ಲ. ಆದರೂ ಬರೆಯುತ್ತೇನೆ. ಬಿಡದಿಯ ವಂಡರ್‌ಲಾ 2005ರಲ್ಲಿ ಶುರುವಾದಾಗ ನಾನು ರಾಮನಗರದಲ್ಲಿ ಎಂಟನೇ ಕ್ಲಾಸ್. ಸ್ಕೂಲಿನಿಂದ ಕರೆದುಕೊಂಡು ಹೋದರು. ನಾವ್ಯಾರೂ ಸಮುದ್ರ ಕಂಡವರಲ್ಲ. ವೇವ್ ಪೂಲ್‌ನಲ್ಲಿ ಅಲೆ ಎದ್ದಾಗ ನಲವತ್ತು ಹುಡುಗರು ಒಟ್ಟಿಗೆ ಕಿರುಚಿದೆವು. ನಮ್ಮ ಪಿಟಿ ಮೇಷ್ಟ್ರು ಪ್ಯಾಂಟ್ ಮಡಚಿಕೊಂಡು ದಡದಲ್ಲಿ ನಿಂತಿದ್ದವರು ಕೊನೆಗೆ ತಾವೇ ಇಳಿದುಬಿಟ್ಟರು. ವರ್ಷವೆಲ್ಲ ನಾವು ಹೆದರುತ್ತಿದ್ದ ಮನುಷ್ಯ ಅವರು. ಆಮೇಲೆ ದೊಡ್ಡ ದೊಡ್ಡ ರೈಡ್ ಹತ್ತಿದ್ದೇನೆ, ಅದ್ಯಾವುದೂ ನೆನಪಿಲ್ಲ. ನೀರಲ್ಲಿ ನಗುತ್ತಿದ್ದ ಮೇಷ್ಟ್ರ ಮುಖ ನೆನಪಿದೆ. ನಿಮ್ಮ ಅಪ್ಪನನ್ನು ಬ್ಯಾಗ್ ಕಾಯಲು ಬೆಂಚಿನ ಮೇಲೆ ಕೂರಿಸಬೇಡಿ ಅಕ್ಕ.

ಪರದೆಮನೆ:

ತಂಗಿ, ನಿಮ್ಮ ಪ್ರಶ್ನೆ ಓದಿದ ಮೇಲೆ ಸುಮ್ನೆ ಇರಲು ಆಗಲಿಲ್ಲ. ಸ್ವಲ್ಪ ಉದ್ದ ಆಗುತ್ತದೆ, ಸಮಾಧಾನವಾಗಿ ಓದಿ.

ನಾನು ಗದಗಿನವನು. ನಮ್ಮ ತಂದೆ ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದರು. ಅರಮನೆ ಪರದೆ, ಕಾಡಿನ ಪರದೆ, ಬೀದಿ ಪರದೆ. ಪುಡಿ ಬಣ್ಣಕ್ಕೆ ಅಂಟು ಕಲಸಿ ಕೊಡುವುದು ನನ್ನ ಕೆಲಸ. ಈಗ ಮಗ ಇರ್ವಿನ್‌ನಲ್ಲಿದ್ದಾನೆ, ಅಲ್ಲಿಂದ ಡಿಸ್ನಿಲ್ಯಾಂಡ್ ಬಹಳ ಹತ್ತಿರ. ವರ್ಷಕ್ಕೆ ಕೆಲವು ತಿಂಗಳು ಅವನ ಮನೆಯಲ್ಲಿ ಇರುತ್ತೇನೆ. ಮೊಮ್ಮಗನ ನೆಪದಲ್ಲಿ ನಾಲ್ಕು ಸಲ ಹೋಗಿ ಬಂದಿದ್ದೇನೆ.

ಮೊದಲ ಸಲ ಒಳಗೆ ಕಾಲಿಟ್ಟು ಮೇನ್ ಸ್ಟ್ರೀಟ್ ನೋಡಿದ ತಕ್ಷಣ ನನಗೆ ತಂದೆ ನೆನಪಾದರು. ಅದು ಬೀದಿ ಪರದೆಯೇ! ಕೆಳಗಿನ ಅಂಗಡಿಗಳು ಹೆಚ್ಚುಕಡಿಮೆ ನಿಜವಾದ ಅಳತೆಯಲ್ಲಿವೆ. ಮೇಲಿನ ಮಹಡಿ ಬೇಕಂತಲೇ ಚಿಕ್ಕದು. ಹಾಗಾಗಿ ಮನೆಗಳು ಎತ್ತರ ಕಾಣುತ್ತವೆ, ಆದರೆ ಮಗುವಿಗೆ ಹೆದರಿಕೆ ಹುಟ್ಟಿಸುವಷ್ಟಲ್ಲ. ಬೀದಿಯ ಕೊನೆಯಲ್ಲಿ ಕೋಟೆ ಕಾಣುತ್ತದಲ್ಲ, ಅದರ ಎತ್ತರ ಬರೀ 77 ಅಡಿ. ನಮ್ಮ ಹಂಪಿಯ ವಿರೂಪಾಕ್ಷ ಗುಡಿಯ ದೊಡ್ಡ ಗೋಪುರದ ಅರ್ಧದಷ್ಟೂ ಬರುವುದಿಲ್ಲ. ಆದರೂ ಆಕಾಶಕ್ಕೆ ಮುಟ್ಟಿದ ಹಾಗೆ ಕಾಣುತ್ತದೆ, ಏಕೆಂದರೆ ಮೇಲೆ ಹೋದಂತೆ ಕಲ್ಲುಗಳ ಅಳತೆ ಚಿಕ್ಕದಾಗುತ್ತದೆ. ಗೋಪುರ ಕಟ್ಟಿದ ನಮ್ಮ ಶಿಲ್ಪಿಗಳೂ ಮೇಲಿನ ನೆಲೆಗಳನ್ನು ಕಿರಿದು ಮಾಡುತ್ತಾ ಹೋದವರೇ. ಮ್ಯಾಟರ್‌ಹಾರ್ನ್ ಅಂತ ಒಂದು ಬೆಟ್ಟ ಮಾಡಿದ್ದಾರೆ, 1959ರದು, 147 ಅಡಿ. ಅದರ ಮೇಲಿನ ಗಿಡಗಳನ್ನು ನೋಡಿ. ಕೆಳಗೆ ದೊಡ್ಡವು, ಮೇಲೆ ಕುಳ್ಳಗಿನವು. ತಂದೆ ಕಾಡಿನ ಪರದೆಯಲ್ಲಿ ದೂರದ ಮರ ಬರೆಯುತ್ತಿದ್ದುದೂ ಹೀಗೆಯೇ.

ನಾಟಕದಲ್ಲಿ ಸೈಡ್ ವಿಂಗ್ ಯಾಕೆ ಇರುತ್ತದೆ ಹೇಳಿ? ವೇಷ ಹಾಕಿದ ರಾಜ ಪಕ್ಕದಲ್ಲಿ ಚಹಾ ಕುಡಿಯುತ್ತಾ ಕೂತಿರುವುದು ಜನರಿಗೆ ಕಾಣಬಾರದು, ಅದಕ್ಕೆ. ಈ ಜನ ಇಡೀ ಪಾರ್ಕಿನ ಸುತ್ತ ಮಣ್ಣಿನ ಏರಿ ಹಾಕಿದ್ದಾರೆ. ಏರಿಯ ಮೇಲೆ ರೈಲು ಓಡುತ್ತದೆ. ನೀವು ಆ ರೈಲು ಹಳಿಯ ಕೆಳಗಿನ ಸುರಂಗದಲ್ಲಿ ಹಾದು ಒಳಗೆ ಹೋಗಬೇಕು. ಹೋದ ಮೇಲೆ ಹೊರಗಿನ ರಸ್ತೆ, ಕಾರು, ಹೋಟೆಲ್ ಬೋರ್ಡ್ ಕಣ್ಣಿಗೆ ಬೀಳುವುದು ತೀರಾ ಕಡಿಮೆ. ಬಾಗಿಲು ದಾಟಿ ಬಂದೆವು ಅನ್ನುವುದು ಮೈಗೆ ತಿಳಿಯುತ್ತದೆ, ಗುಡಿಯ ಹೊಸ್ತಿಲು ದಾಟಿದ ಹಾಗೆ.

ನನಗೆ ಅತಿ ಮೆಚ್ಚುಗೆಯಾದ ಜಾಣತನ ಇನ್ನೊಂದು. ಏರಿಯ ಒಳಗೆ ಜಾಗ ಸಾಲದೆ, ಕೆಲವು ದೊಡ್ಡ ಆಟಗಳ ಕಟ್ಟಡವನ್ನು ಏರಿಯ ಹೊರಗೆ ಕಟ್ಟಿದ್ದಾರೆ. ಜನರನ್ನು ಅಲ್ಲಿಗೆ ದಾಟಿಸುವುದು ಹೇಗೆ? 1967ರ ಕಡಲುಗಳ್ಳರ ಆಟದಲ್ಲಿ ನಿಮ್ಮ ದೋಣಿ ಕತ್ತಲಲ್ಲಿ ಧುಮುಕುತ್ತದೆ. ಎಲ್ಲರೂ ಕೂಗುತ್ತಾರೆ. ಆ ಕೂಗಿನ ಹೊತ್ತಿಗೆ ನೀವು ರೈಲು ಹಳಿಯ ಕೆಳಗೆ ಇಳಿದಿರುತ್ತೀರಿ. 1969ರ ದೆವ್ವದ ಬಂಗಲೆಯಲ್ಲಿ ನಿಂತ ಕೋಣೆಯ ಗೋಡೆಗಳು ಉದ್ದವಾಗುತ್ತಾ ಹೋಗುತ್ತವೆ. ಅದು ನಿಜಕ್ಕೂ ಲಿಫ್ಟು, ನೀವು ಕೆಳಗೆ ಹೋಗುತ್ತಿರುತ್ತೀರಿ. ಸುಮ್ನೆ ದಾರಿ ದಾಟಿಸುವ ಕೆಲಸವನ್ನೇ ಕಥೆ ಮಾಡಿಬಿಟ್ಟರು. ಅದೇ ಬಂಗಲೆಯಲ್ಲಿ ದೆವ್ವಗಳು ಕುಣಿಯುವ ದೊಡ್ಡ ಹಾಲ್ ಇದೆ. ಅದು ಗಾಜಿನ ಆಟ. 1862ರಲ್ಲೇ ಲಂಡನ್ನಿನಲ್ಲಿ ಪೆಪ್ಪರ್ ಅನ್ನುವವರು ರಂಗದ ಮೇಲೆ ತೋರಿಸಿದ ಹಳೇ ವಿದ್ಯೆ. ಬೊಂಬೆ ಬೇರೆ ಕಡೆ ಇರುತ್ತದೆ, ಅದರ ಪ್ರತಿಬಿಂಬ ದೊಡ್ಡ ಗಾಜಿನಲ್ಲಿ ಬಿದ್ದು ಗಾಳಿಯಲ್ಲಿ ತೇಲಿದ ಹಾಗೆ ಕಾಣುತ್ತದೆ.

ಗುಟ್ಟು ಗೊತ್ತಾದರೆ ಸ್ವಾರಸ್ಯ ಹೋಗುತ್ತದೆ ಅಂತ ನನ್ನ ಸೊಸೆ ಹೇಳುತ್ತಾಳೆ. ನನಗೆ ಹಾಗೆ ಅನ್ನಿಸುವುದಿಲ್ಲ. ನಾನು ವಿಂಗ್‌ನಲ್ಲಿ ಕೂತು ನಾಟಕ ನೋಡಿ ಬೆಳೆದವನು. ಹರಿಶ್ಚಂದ್ರನ ಪಾತ್ರದವರು ಬೀಡಿ ಆರಿಸಿ ರಂಗಕ್ಕೆ ಹೋಗುವುದನ್ನು ಎರಡು ಮಾರು ದೂರದಿಂದ ನೋಡುತ್ತಿದ್ದೆ. ಸ್ಮಶಾನದ ಸೀನ್ ಬಂದಾಗ ದಿನಾ ಅಳುತ್ತಿದ್ದೆ.

ಅಲ್ಲಿ ಕೆಲಸ ಮಾಡುವ ಎಲ್ಲರನ್ನೂ ನಟವರ್ಗ ಅಂತಲೇ ಕರೆಯುತ್ತಾರೆ. ಜನ ಓಡಾಡುವ ಜಾಗಕ್ಕೆ ರಂಗ ಅಂತ ಹೆಸರು. ಕಸ ಗುಡಿಸುವವರಿಗೂ ವೇಷ ಇದೆ. ಹೋದ ವರ್ಷ ಒಬ್ಬ ಹುಡುಗ ಪೊರಕೆಯನ್ನು ನೀರಲ್ಲಿ ಅದ್ದಿ ನೆಲದ ಮೇಲೆ ಮಿಕ್ಕಿಯ ಮುಖ ಬರೆದ. ನಾಲ್ಕೇ ಎಳೆತ! ನನ್ನ ಮೊಮ್ಮಗ ಅದರ ಪಕ್ಕ ಕುಕ್ಕರಗಾಲಲ್ಲಿ ಕೂತುಬಿಟ್ಟ. ಬಿಸಿಲಿಗೆ ಒಂದು ಕಿವಿ ಆರಿತು, ಆಮೇಲೆ ಮೂಗು. ಪೂರ್ತಿ ಆರುವವರೆಗೂ ಏಳಲಿಲ್ಲ. ಮಗ ಗಡಿಯಾರ ನೋಡುತ್ತಿದ್ದ, ಮುಂದಿನ ರೈಡ್‌ನ ಹೊತ್ತು ಮೀರುತ್ತಿತ್ತು. ನಾನು ಅವನ ಕೈ ಹಿಡಿದು ನಿಲ್ಲಿಸಿದೆ. ಮೊಮ್ಮಗ ಇವತ್ತಿಗೂ ಹೇಳುವುದು ಆ ನೀರಿನ ಮಿಕ್ಕಿಯ ಸುದ್ದಿ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಲ್ಲೇ ಇದೆ. ನೀವು ಬರುವ ಮೊದಲೇ ಯಾರೋ ಕೂತು, ಈ ಮಗು ಎಲ್ಲಿ ತಲೆ ಎತ್ತುತ್ತದೆ, ಎಲ್ಲಿ ದಣಿಯುತ್ತದೆ, ಮೂಗಿಗೆ ಯಾವ ವಾಸನೆ ಬರಬೇಕು ಅಂತ ಯೋಚನೆ ಮಾಡಿ ಇಟ್ಟಿದ್ದಾರೆ. ಅದು ಅವರ ಕೈಯದ್ದು. ಅದು ನಿಮಗೆ ತಾಗುವಷ್ಟು ಹೊತ್ತು ನಿಲ್ಲುವುದು ನಿಮ್ಮ ಕೈಯದ್ದು. ಹೋದ ಸಲ ನೀವು ಪರದೆ ಮುಂದೆ ಓಡಿಬಿಟ್ಟಿರಿ ತಂಗಿ, ಅಷ್ಟೇ.

ಎಲ್ಲ ಮೊದಲಿಂದಲೇ ಸರಿ ಇತ್ತು ಅಂದುಕೊಳ್ಳಬೇಡಿ. 1955ರ ಜುಲೈ 17ರಂದು ಬಾಗಿಲು ತೆರೆದ ದಿನ ಸುಡು ಬಿಸಿಲು. ಹೊಸ ಡಾಂಬರು ಮೆತ್ತಗಾಗಿ ಹೆಂಗಸರ ಚಪ್ಪಲಿಯ ಹಿಮ್ಮಡಿ ಹೂತುಹೋಯಿತು. ಕುಡಿಯುವ ನೀರಿನ ನಲ್ಲಿ ಸಾಕಾಗಲಿಲ್ಲ. ತಿದ್ದಿಕೊಳ್ಳುತ್ತಾ ತಿದ್ದಿಕೊಳ್ಳುತ್ತಾ ಹೀಗಾಗಿದೆ.

ಇನ್ನೊಂದೇ ಮಾತು. ವಾಲ್ಟ್ ಡಿಸ್ನಿ ಲಾಸ್ ಏಂಜಲೀಸ್‌ನ ಗ್ರಿಫಿತ್ ಪಾರ್ಕ್‌ನಲ್ಲಿ ಬೆಂಚಿನ ಮೇಲೆ ಕೂತು, ಹೆಣ್ಣುಮಕ್ಕಳಿಬ್ಬರು ಕುದುರೆ ತಿರುಗಣೆಯಲ್ಲಿ ಸುತ್ತುವುದನ್ನು ನೋಡುತ್ತಿದ್ದರಂತೆ. ದೊಡ್ಡವರೂ ಮಕ್ಕಳೂ ಒಟ್ಟಿಗೆ ಆಡುವ ಜಾಗ ಯಾಕಿಲ್ಲ ಅನ್ನುವ ಯೋಚನೆ ಅಲ್ಲಿ ಹುಟ್ಟಿತು ಅಂತ ಅವರೇ ಹೇಳಿಕೊಂಡಿದ್ದಾರೆ. ಮೇಲೆ ಬಿಡದಿಯ ತಮ್ಮ ಬರೆದದ್ದು ಅದೇ ಮಾತು. ಅಜ್ಜ ಬೆಂಚಿನ ಮೇಲೆ ಉಳಿಯಬಾರದು.

ಹುಗ್ಗಿ ಅಕ್ಕ:

ಪರದೆಮನೆ ಅಂಕಲ್ ಬರೆದ ಮೇಲೆ ನನ್ನದು ಬರೀ ಅಡುಗೆಮನೆ ಮಾತು. ಆದರೆ ಹೊಟ್ಟೆ ಹಸಿದಿದ್ದರೆ, ಕಾಲು ಸೋತಿದ್ದರೆ ಯಾವ ಮಾಯೆಯೂ ಕಾಣಿಸುವುದಿಲ್ಲ.

ಮನೆ ಊಟ ಒಳಗೆ ಬಿಡುತ್ತಾರೆ. ಗಾಜಿನ ಡಬ್ಬಿ ಬೇಡ, ದೊಡ್ಡ ಕೂಲರ್ ಬೇಡ. ನಾನು ಚಪಾತಿ, ಚಟ್ನಿಪುಡಿ, ಚಿತ್ರಾನ್ನ ಒಯ್ಯುತ್ತೇನೆ. ನಿಮ್ಮ ಅಮ್ಮನಿಗೆ ಮಧ್ಯಾಹ್ನ ಚಿತ್ರಾನ್ನ ಸಿಕ್ಕಿದರೆ ಸಂಜೆವರೆಗೂ ಖುಷಿಯಾಗಿ ಇರುತ್ತಾರೆ. ಗಾಲಿ ಕುರ್ಚಿ ಬಾಡಿಗೆಗೆ ಸಿಗುತ್ತದೆ. ‘ನನಗೇನು ಆಗಿದೆ’ ಅಂತ ಬೇಡ ಅನ್ನುತ್ತಾರೆ, ಆದರೂ ತೆಗೆದುಕೊಳ್ಳಿ. ಸುತ್ತುವ ರೈಲು ಉಗಿಬಂಡಿ, ಕೂತೇ ಇಡೀ ಪಾರ್ಕ್ ಸುತ್ತಬಹುದು, ನಡುವೆ ಡೈನೋಸಾರ್‌ಗಳೂ ಬರುತ್ತವೆ. ಬಿಸಿಲು ಏರಿದಾಗ ಟಿಕಿ ರೂಮ್‌ಗೆ ಹೋಗಿ, ಯಂತ್ರದ ಹಕ್ಕಿಗಳು ಹಾಡುತ್ತವೆ, ತಂಪಾಗಿ ಕೂರಬಹುದು. 1963ರಿಂದ ಹಾಡುತ್ತಲೇ ಇವೆ!

ಮೊದಲ ಸಲ ಬಂದವರಿಗೆ ಒಂದು ದುಂಡನೆಯ ಬ್ಯಾಡ್ಜ್ ಪುಕ್ಕಟೆ ಕೊಡುತ್ತಾರೆ. ಪಾರ್ಕ್ ಒಳಗೇ ಸಿಟಿ ಹಾಲ್ ಅಂತ ಒಂದು ಕಟ್ಟಡ ಇದೆ, ಅಲ್ಲಿ ಕೇಳಿ. ಮಗಳಿಗೆ ಮಾತ್ರ ಅಂತ ಅಂದುಕೊಳ್ಳಬೇಡಿ, ಅಪ್ಪ ಅಮ್ಮನಿಗೂ ಕೇಳಿ ತೆಗೆದುಕೊಳ್ಳಿ.

ಮಧ್ಯಾಹ್ನ ಎರಡು ಗಂಟೆ ಹೋಟೆಲ್‌ಗೆ ಬಂದು ಮಲಗಿ. ಮಗು ಪಟಾಕಿಗೆ ಎಚ್ಚರ ಇರಬೇಕಾದರೆ ಇದೊಂದೇ ದಾರಿ.

ತುಂಗಾತೀರ:

ಹೋಗಿ ಬಂದೆವು. ಎಲ್ಲರಿಗೂ ಹೇಳಲೇಬೇಕು ಅಂತ ಬರೆಯುತ್ತಿದ್ದೇನೆ.

ಈ ಸಲ ಪಟ್ಟಿ ಮಾಡಲಿಲ್ಲ. ಮಗಳಿಗೆ ಮೂರು ಆಯ್ಕೆ ಮಾಡು ಅಂದೆ. ಉಳಿದದ್ದು ಸಿಕ್ಕರೆ ಸಿಕ್ಕಿತು. ಅವಳು ಮೊದಲು ಆರಿಸಿದ್ದು ಸ್ಮಾಲ್ ವರ್ಲ್ಡ್ ದೋಣಿ. 1964ರ ನ್ಯೂಯಾರ್ಕ್ ಮೇಳಕ್ಕೆ ಮಾಡಿದ್ದನ್ನು ಆಮೇಲೆ ಇಲ್ಲಿಗೆ ತಂದರಂತೆ. ಬೊಂಬೆಗಳ ನಡುವೆ ತಾಜ್ ಮಹಲ್ ಕಂಡ ಕೂಡಲೇ ಅಮ್ಮ ‘ನೋಡೇ, ನಮ್ಮದು ಬಂತು’ ಅಂತ ಜೋರಾಗಿ ಹೇಳಿದರು. ಹಿಂದಿನ ಸಾಲಿನವರೂ ಚಪ್ಪಾಳೆ ತಟ್ಟಿದರು.

ಹುಗ್ಗಿ ಅಕ್ಕ, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ. ಅಮ್ಮ ಆ ಬ್ಯಾಡ್ಜನ್ನು ಸೀರೆಯ ಸೆರಗಿಗೆ ಚುಚ್ಚಿಕೊಂಡರು. ಆಮೇಲೆ ದಿನವಿಡೀ ಐಸ್‌ಕ್ರೀಮ್ ಮಾರುವವರು, ರೈಲಿನ ಗಾರ್ಡು, ಗುಡಿಸುವವರು, ಎಲ್ಲರೂ ಅವರನ್ನೇ ನೋಡಿ ಸ್ವಾಗತ ಹೇಳುತ್ತಿದ್ದರು. ಅಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಇಲ್ಲಿಗೆ ಬಂದಾಗಿನಿಂದ ಅಂಗಡಿಯಲ್ಲಿ ನನ್ನ ಹಿಂದೆ ನಿಲ್ಲುತ್ತಿದ್ದರು. ಅವತ್ತು ಮಧ್ಯಾಹ್ನದ ಹೊತ್ತಿಗೆ ಕನ್ನಡದಲ್ಲೇ ‘ಚೆನ್ನಾಗಿದೀರಾ’ ಅಂತ ತಾವೇ ಮುಂದಾಗಿ ಮಾತಾಡಿಸಲು ಶುರು ಮಾಡಿದರು. ಅವರೂ ಏನೋ ಹೇಳುತ್ತಿದ್ದರು, ಇವರೂ ತಲೆ ಆಡಿಸುತ್ತಿದ್ದರು. ಅಮ್ಮನನ್ನು ನಾನು ಹೀಗೆ ನೋಡಿ ಎಷ್ಟು ವರ್ಷವಾಗಿತ್ತೋ.

ಅಪ್ಪ ಪಿಡಬ್ಲ್ಯುಡಿಯಲ್ಲಿ ಇದ್ದವರು. ಪರದೆಮನೆ ಅಂಕಲ್ ಬರೆದದ್ದನ್ನು ಓದಿ ಹೇಳಿದ್ದೆ. ಕೋಟೆ ಮುಂದೆ ಅರ್ಧ ಗಂಟೆ ಕಲ್ಲಿನ ಸಾಲು ಎಣಿಸುತ್ತಾ ನಿಂತರು. ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ‘ಮೇಲಿನ ಕಲ್ಲು ಚಿಕ್ಕದು ಅಲ್ವಾ ಪುಟ್ಟಿ, ನೋಡು’ ಅಂತ ತೋರಿಸಿದರು. ದುಡ್ಡಿನ ಮಾತೇ ಬರಲಿಲ್ಲ. ದೋಣಿ ಕತ್ತಲಲ್ಲಿ ಧುಮುಕಿದಾಗ ‘ಈಗ ರೈಲಿನ ಕೆಳಗೆ ಇದ್ದೇವೆ’ ಅಂತ ಕೂಗಿದ್ದೂ ಅವರೇ.

ರಾತ್ರಿ ಪಟಾಕಿಗೆ ಮಗಳು ಎಚ್ಚರ ಇದ್ದಳು. ಅಜ್ಜಿಯ ತೊಡೆ ಮೇಲೆ ಕೂತು ನೋಡಿದಳು.

ಅಂಕಲ್, ಅಪ್ಪ ಪಕ್ಕದಲ್ಲೇ ಕೂತಿದ್ದಾರೆ, ಕೇಳು ಅಂತಿದ್ದಾರೆ: ನಿಮ್ಮ ತಂದೆ ಬರೆದ ಪರದೆ ಯಾವುದಾದರೂ ಉಳಿದಿದೆಯಾ?

ಪರದೆಮನೆ:

ಒಂದು ಇದೆ, ಕಾಡಿನ ಪರದೆ. ಗದಗಿನ ಮನೆಯ ಅಟ್ಟದಲ್ಲಿ ಬಿದಿರಿಗೆ ಸುತ್ತಿ ಇಟ್ಟಿದ್ದೇನೆ. ಒಂದು ಮೂಲೆ ಇಲಿ ಕಡಿದಿದೆ, ಉಳಿದ ಬಣ್ಣ ಚೆನ್ನಾಗಿದೆ. ಜನವರಿಯಲ್ಲಿ ನಾನು ಊರಲ್ಲಿ ಇರುತ್ತೇನೆ. ಅಪ್ಪನನ್ನು ಕಳಿಸಿ, ಅಂಗಳದಲ್ಲಿ ಬಿಚ್ಚಿ ಕಟ್ಟೋಣ. ಇಪ್ಪತ್ತು ಹೆಜ್ಜೆ ಹಿಂದೆ ನಿಂತು ನೋಡಬೇಕು ಅಂತ ಹೇಳಿ.